ಯಾವ ಬಳಿಯ ಹಾಲು

ಮೊನ್ನೆ ಭಾನುವಾರ ಮಗ ಅಡುಗೆಮನೆಯ ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಹರಡಿಕೊಂಡಿದ್ದ. ಅದರೊಳಗಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ಹಿಡಿದು ಬಂದು, "ಅಪ್ಪಾ, ಇದು ವಿಳಕ್ಕಾ?" ಎಂದು ಕೇಳಿದ. ದೀಪವೇ ಎಂದು ಅವನ ಪ್ರಶ್ನೆ. ಅವನದೇನೂ ತಪ್ಪಿಲ್ಲ. ಬಟ್ಟಲಿನ ಒಂದು ಕಡೆ ಕೊಕ್ಕಿನ ಹಾಗೆ ಚಾಚಿಕೊಂಡಿದೆ, ಬತ್ತಿ ಇಟ್ಟರೆ ಹಣತೆಯೇ. ನಮ್ಮ ಮನೆಮಾತು ಅವನಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. "ಒಳಲೆ ಕಣೋ" ಎಂದೆ. ಆ ಪದ ಅವನು ಕೇಳಿರಲಿಲ್ಲ. "ಪಾಲಾಡೈ" ಎಂದೆ. ಅದನ್ನೂ ಕೇಳಿರಲಿಲ್ಲ. "ಕೂಸಿಗೆ ಹಾಲು ಕುಡಿಸೋದು. ನೀನು ಇದರಲ್ಲೇ ಕುಡಿದದ್ದು" ಎಂದ ಮೇಲೆ ಅದನ್ನೊಮ್ಮೆ ಮೂಸಿ ನೋಡಿ, ನನ್ನ ಕೈಗೆ ಕೊಟ್ಟು ಆಡಲು ಹೋದ.

ನಾನು ಹಾಗೇ ಕೂತೆ. ದಿಂಡಿಗಲ್ಲಿನಲ್ಲಿ ಮನೆ, ಒಡ್ಡನ್‌ಛತ್ರದಲ್ಲಿ ತರಕಾರಿ ಮಂಡಿ ನಡೆಸುವವನು ನಾನು. ಯಾವ ಲಾರಿಗೆ ಏನು ಹತ್ತಬೇಕು, ಯಾವ ಊರಿಗೆ ಎಂಥ ಟೊಮೆಟೊ ಹೋಗಬೇಕು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಆದರೆ ಮಗ ಹುಟ್ಟಿದ ಆ ಕೆಲವು ವಾರ ನನಗೆ ನನ್ನ ಎಡಗೈ ಬಲಗೈ ಗೊತ್ತಾಗುತ್ತಿರಲಿಲ್ಲ. ಇವತ್ತಿಗೂ ಪೂರ್ತಿ ಗೊತ್ತಾಗಿದೆ ಎಂದು ನಿಮ್ಮ ಮುಂದೆ ಹೇಳಲಾರೆ.

ಹೆಂಡತಿ ಶಾಂತಿ ಬಳೆ ತೊಡಿಸುವ ಶಾಸ್ತ್ರಕ್ಕೆಂದು ಕಂಬಂನ ತವರಿಗೆ ಹೋಗಿದ್ದಳು. ದ್ರಾಕ್ಷಿ ತೋಟದ ಮಗ್ಗುಲಲ್ಲೇ ಅವರ ಮನೆ. ಅಲ್ಲಿ ಅವಳ ಮುಖ ಊದಿತು, ಕಣ್ಣು ಮಂಜಾಯಿತು. ರಕ್ತದೊತ್ತಡ ಏರಿದೆ ಎಂದು ಆಂಬುಲೆನ್ಸಿನಲ್ಲಿ ತೇನಿಗೆ ತಂದರು. ನಾನು ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ದಿನ ತುಂಬದ ಮಗುವನ್ನು ಹೊರಗೆ ತೆಗೆದಾಗಿತ್ತು. ತಾಯಿ ಮೇಲಿನ ಮಹಡಿಯ ತೀವ್ರ ನಿಗಾ ವಾರ್ಡಿನಲ್ಲಿ, ಮಗ ಕೆಳಗಿನ ಮಹಡಿಯಲ್ಲಿ. ನಡುವಿನ ಮೆಟ್ಟಿಲ ಮೇಲೆ ನಾನು. ನಮ್ಮ ಮಂಡಿಗೆ ಬರುವ ಒಂದು ಒಳ್ಳೆಯ ಹೂಕೋಸು ಅವನಿಗಿಂತ ಹೆಚ್ಚು ತೂಗುತ್ತಿತ್ತು.

ಅಷ್ಟರಲ್ಲಿ ಫೋನುಗಳು ಶುರುವಾದವು. ಜೇನು ನೆಕ್ಕಿಸು ಎಂದವರೊಬ್ಬರು. ಸಕ್ಕರೆ ನೀರು ಎಂದವರೊಬ್ಬರು. ಕತ್ತೆ ಹಾಲು ಕುಡಿಸಿದರೆ ಉಸಿರು ನಿಲ್ಲುತ್ತದೆ ಎಂದು ಇನ್ನೊಬ್ಬರು. ನಿಲ್ಲುವುದೆಂದರೆ ಉಳಿಯುವುದೋ ಹೋಗುವುದೋ ಎಂದು ನನಗೆ ಗಾಬರಿ. ಎಲ್ಲರಿಗೂ ಹೂಂ ಎಂದೆ. ಮಕ್ಕಳ ಡಾಕ್ಟರ ಬಳಿ ಹೋಗಿ ಇಷ್ಟನ್ನೂ ಒಪ್ಪಿಸಿದೆ. ಆಕೆ ಕೇಳಿಸಿಕೊಂಡು, "ಜೇನೂ ಬೇಡ, ಸಕ್ಕರೆಯೂ ಬೇಡ, ಯಾವ ಪ್ರಾಣಿಯದ್ದೂ ಬೇಡ. ಅವನಿಗೆ ಬೇಕಾದ್ದು ಎರಡೇ, ತಾಯಿಯ ಹಾಲು ಮತ್ತು ಬೆಚ್ಚಗಿನ ಮೈ. ನೀವು ಅಂಗಿ ಬಿಚ್ಚಿ" ಎಂದರು.

"ರೋಗಿ ನಾನಲ್ಲ ಮೇಡಂ" ಎಂದೆ.

ಪಕ್ಕದಲ್ಲಿದ್ದ ಸಿಸ್ಟರ್ ಸೆಲ್ವಿ ನಕ್ಕರು. ತಾಯಿ ಏಳುವವರೆಗೆ ಅಪ್ಪನ ಬರಿಯ ಎದೆಯ ಮೇಲೆ ಕೂಸನ್ನು ಕವುಚಿ ಕಟ್ಟಿಕೊಳ್ಳಬೇಕಂತೆ. ಹಾಗೆ ಮಾಡಿದರೆ ಮೈಶಾಖ ಆರುವುದಿಲ್ಲ, ಉಸಿರಾಟ ಹದಕ್ಕೆ ಬರುತ್ತದೆ, ಕೂಸು ಬೇಗ ಮೈ ತುಂಬಿಕೊಳ್ಳುತ್ತದೆ. ಇದು ಊರಿನ ನಂಬಿಕೆಯಲ್ಲ, ಸಾವಿರಾರು ಕೂಸುಗಳಲ್ಲಿ ಕಂಡುಕೊಂಡದ್ದು ಎಂದು ಡಾಕ್ಟರು ಹೇಳಿದರು. ನನ್ನ ಹೊಟ್ಟೆ ನೋಡಿ ನಗುವ ಗುರುತಿನವರು ಅಲ್ಲಿ ಯಾರೂ ಇರಲಿಲ್ಲ ಎಂಬುದೊಂದೇ ಸಮಾಧಾನ. ಬಟ್ಟೆಯಿಂದ ಬಿಗಿದು ಕಟ್ಟಿದರು. ಎದೆಯ ಮೇಲೆ ಒಂದು ಎಲೆ ಬಿದ್ದಂತೆ ಇತ್ತು. ನಾನು ಜೋರಾಗಿ ಉಸಿರಾಡಿದರೆ ಅವನಿಗೆ ತೊಂದರೆಯೇನೋ ಎಂದು ಉಸಿರು ಹಿಡಿದುಕೊಂಡೆ. "ಉಸಿರಾಡಿ ಅಣ್ಣಾ, ನಿಮ್ಮದನ್ನು ಕೇಳಿಕೊಂಡೇ ಅವನು ಕಲಿಯೋದು" ಎಂದರು ಸೆಲ್ವಿ.

ಹಾಲಿನದು ಹಾಗೆ ಸುಲಭಕ್ಕೆ ಮುಗಿಯಲಿಲ್ಲ. ಮೇಲಿನ ಮಹಡಿಯಲ್ಲಿ ಶಾಂತಿಗೆ ಮತ್ತೆ ಮತ್ತೆ ಕೈಯಿಂದ ಹಿಂಡಿಸಿ ನೋಡಿದರು. ಹಳದಿಯ ನಾಲ್ಕು ಹನಿ ಬಂತು. ಅದನ್ನೇ ಚಿನ್ನದ ಹಾಗೆ ತಂದು ಕೂಸಿನ ಬಾಯೊಳಗೆ ಸವರಿದರು. ಅದು ಸಾಲದು. ಡಬ್ಬಿಯ ಹಾಲಿನ ಪುಡಿ ಇಷ್ಟು ಎಳೆಯ ಕರುಳಿಗೆ ಅಪಾಯ ತರಬಹುದು. ಆಸ್ಪತ್ರೆಯಲ್ಲೇ ಎದೆಹಾಲಿನ ಬ್ಯಾಂಕ್ ಇದೆ, ಬೇರೆ ತಾಯಂದಿರು ಕೊಟ್ಟದ್ದು, ಪರೀಕ್ಷೆ ಮಾಡಿ ಹದವಾಗಿ ಕಾಯಿಸಿಟ್ಟದ್ದು, ಕೊಡಬಹುದೇ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವ್ವ ಕೇಳಿದಳು, "ಯಾವ ಬಳಿಯೋರ ಹಾಲು ಡಾಕ್ಟರಮ್ಮಾ ಅದು?"

ಆಂಡಿಪಟ್ಟಿಯಿಂದ ಮೊದಲ ಬಸ್ಸಿಗೆ ಬಂದಿದ್ದ ನನ್ನ ತಾಯಿ ಅವಳು. ನಮ್ಮವರಲ್ಲಿ ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಅಣ್ಣತಂಗಿಯರು, ಅವರಲ್ಲಿ ಮದುವೆ ಕೂಡದು. ಕನ್ನಡನಾಡು ಬಿಟ್ಟು ಎಷ್ಟೋ ತಲೆಮಾರಾದರೂ, ಮಾತಿನ ಅರ್ಧ ತಮಿಳಾದರೂ, ಈ ಲೆಕ್ಕ ಮಾತ್ರ ಅವ್ವನ ನಾಲಗೆಯ ಮೇಲೆ ಕರಗದೆ ಉಳಿದಿದೆ.

"ಒಬ್ಬರದಲ್ಲ ಅಮ್ಮಾ, ನಾಲ್ಕೈದು ತಾಯಂದಿರದು ಸೇರಿಸಿರ್ತೀವಿ. ಹೆಸರು ಹೇಳೋ ಹಾಗಿಲ್ಲ" ಎಂದರು ಡಾಕ್ಟರು.

ಅವ್ವ ಗೋಡೆಗೆ ಒರಗಿದಳು. "ಅಂಗಾರೆ ನಾಕೈದು ಬಳಿಯೋರ ಮಕ್ಕಳೆಲ್ಲ ಇವ್ನಿಗೆ ಒಡಹುಟ್ಟಿದೋರಾಯ್ತರೆ. ನಾಳೆ ಇವ್ನಿಗೆ ಹೆಣ್ಣು ಎಲ್ಲಿಂದ ತರಾದು?"

ನಾನು ಸಿಟ್ಟಿನಿಂದ ತಿರುಗಿದೆ. ತಿರುಗಿದ ಮೇಲೆ ಅವಳಾಡಿದ ಪದ ಕಿವಿಗೆ ಬಿತ್ತು. ಹುಟ್ಟಿದಾಗಿನಿಂದ ಆ ಕೂಸಿನ ಬಗ್ಗೆ ಯಾರೂ ನನ್ನ ಹತ್ತಿರ ನಾಳೆ ಎಂಬ ಪದ ಆಡಿರಲಿಲ್ಲ. ನೋಡೋಣ ಎನ್ನುತ್ತಿದ್ದರು, ಈ ಹೊತ್ತು ಕಳೆಯಲಿ ಎನ್ನುತ್ತಿದ್ದರು. ನಾನೂ ಅವನ ಹೆಸರನ್ನು ಬೇಕೆಂದೇ ಯೋಚಿಸಿರಲಿಲ್ಲ. ಅವ್ವ ಮಾತ್ರ ಅವನನ್ನು ಆಗಲೇ ಹಸೆಮಣೆಯ ಮೇಲೆ ಕೂರಿಸಿ, ಹೆಣ್ಣು ಸಿಗದೆ ಒದ್ದಾಡುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ ಎಂದು ಸೆಲ್ವಿ ಆಮೇಲೆ ಹೇಳಿದರು.

ಕೇಳಲು ಮೇಲೆ ಹೋದೆವು. ಶಾಂತಿ ಕಣ್ಣು ಬಿಟ್ಟಿದ್ದಳು. ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿ ಗೋಡೆಯ ಕಡೆ ಮುಖ ಮಾಡಿದಳು. "ಇನ್ನೊಬ್ಳ ಹಾಲು ಕುಡುದ್ರೆ ಅವ್ನು ನನ್ನ ಗುರ್ತು ಹಿಡಿತಾನಾ?" ಎಂದು ಮೆಲ್ಲಗೆ ಕೇಳಿದಳು. ಉತ್ತರ ಹೇಳಿದವಳು ಅವ್ವ.

"ಗರ್ಭದಾಗೆ ಹೊತ್ತೋಳು ನೀನು. ನಿನ್ನ ದನಿ ಕೇಳಿದೋನು ಅವ್ನು. ಗುರ್ತು ಹಿಡೀದೆ ಇರ್ತಾನಾ?"

ಶಾಂತಿ ನಮ್ಮ ಕಡೆ ಮುಖ ತಿರುಗಿಸಿ, "ಕೊಡಲಿ. ಹಸಿದಿರೋದು ಅವ್ನು, ನಾನಲ್ಲ" ಎಂದಳು. ಬಳಿಯ ಗತಿ ಏನಾಯಿತು ಎಂದು ನಾನು ಅವ್ವನ ಮುಖ ನೋಡಿದೆ. ಅವಳು ಮೊಣಕೈಯಿಂದ ತಿವಿದು, "ಏನ್ ನೋಡ್ತಿ, ಹೋಗಿ ಹೇಳು" ಎಂದಳು.

ಕುಡಿದ. ಮೊದಲು ಮೂಗಿನ ನಳಿಗೆಯಲ್ಲಿ, ಹೀರಿ ನುಂಗಲು ಬಂದ ಮೇಲೆ ಒಳಲೆಯಲ್ಲಿ. ಒಮ್ಮೆ ಹೊಟ್ಟೆ ಉಬ್ಬರಿಸಿತೆಂದು ಹಾಲು ನಿಲ್ಲಿಸಿದರು. ಅವತ್ತು ನಾನು ಮಂಡಿಯ ಯಾವ ಫೋನನ್ನೂ ಎತ್ತಲಿಲ್ಲ. ಆಮೇಲೆ ಮತ್ತೆ ಶುರು ಮಾಡಿದರು. ಶಾಂತಿಯನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದು ಕೂಸನ್ನು ಅವಳ ಎದೆಗೆ ಕಟ್ಟಿದ ಮೇಲೆ, ಎಲ್ಲಿ ಅಡಗಿತ್ತೋ, ಹಾಲು ಇಳಿಯಿತು. ಇವನಿಗೆ ಮಿಕ್ಕುವಷ್ಟು ಇಳಿಯಿತು. ಮಿಕ್ಕಿದ್ದನ್ನು ಅವಳು ಬ್ಯಾಂಕಿಗೆ ಕೊಟ್ಟಳು. ಯಾವ ಕೂಸು ಕುಡಿಯಿತೋ ನಮಗೂ ಹೇಳಲಿಲ್ಲ. ಬಸ್ಸಿನಲ್ಲಿ ಮಗನ ಓರಗೆಯ ಮಕ್ಕಳು ಕಂಡರೆ ಅವಳು ಇವತ್ತಿಗೂ ಒಂದು ಗಳಿಗೆ ಹೆಚ್ಚು ನೋಡುತ್ತಾಳೆ. ಹೀಗೆ ನಮಗೆ ಕೊಟ್ಟವರೂ ಗೊತ್ತಿಲ್ಲ, ನಮ್ಮಿಂದ ಪಡೆದವರೂ ಗೊತ್ತಿಲ್ಲ. ಯಾರಿಗೆ ಯಾರು ಏನಾಗಬೇಕು ಎಂದು ಹಾಕುತ್ತ ಹೋದರೆ ಲೆಕ್ಕ ತಲೆ ತಿರುಗಿಸುತ್ತದೆ.

ಈ ವಾರ ಮಗನ ಹುಟ್ಟುಹಬ್ಬ. ದಿಂಡಿಗಲ್ಲಿನ ನಮ್ಮ ಬೀದಿಯ ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಚನೆಗೆ ಪೂಜಾರಿ ಹೆಸರು, ನಕ್ಷತ್ರ ಕೇಳಿದರು. ಅವ್ವ ಮೊಮ್ಮಗನದು ಹೇಳಿದಳು, ಶಾಂತಿಯದು, ನನ್ನದು. ಅವರು ಒಳಗೆ ತಿರುಗಿದಾಗ, "ಇನ್ನೂ ನಾಕೈದು ಜನ ಅವ್ರೆ ಸಾಮಿ" ಎಂದಳು.

"ಹೆಸರು ಹೇಳಿ."

"ಗೊತ್ತಿಲ್ಲ."

"ನಕ್ಷತ್ರ?"

"ಅದೂ ಗೊತ್ತಿಲ್ಲ."

ತಟ್ಟೆ ಹಿಡಿದ ಪೂಜಾರಿ ನನ್ನ ಮುಖ ನೋಡಿದರು. ಸಾಮಾನ್ಯವಾಗಿ ಇಂಥ ಕಡೆ ನಾನು ಇನ್ನೊಬ್ಬರ ಮುಖ ನೋಡುವವನು. ಆದರೆ ಅವತ್ತು ತಡವರಿಸದೆ, "ನಮ್ಮ ಸೊಂದದವರೇ ಸಾಮಿ, ನೆಂಟರು" ಎಂದೆ.

"ತಾಯಿ ಕಡೆ" ಎಂದು ಅವ್ವ ತಿದ್ದಿದಳು.