ನಾನು ಬೇಡವೆಂದ ಸೈಟು

ಅಮ್ಮನಿಗೆ ಸ್ವಂತ ಮನೆ ಬೇಕಿದ್ದದ್ದು ಮೊಳೆ ಹೊಡೆಯಲು. ತಮಾಷೆಗೆ ಹೇಳುತ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಇದ್ದ ನಾಲ್ಕು ಬಾಡಿಗೆ ಮನೆಗಳಲ್ಲೂ ಒಂದೇ ಕರಾರು: ಗೋಡೆಗೆ ಮೊಳೆ ಹೊಡೆಯಬಾರದು, ಬಿಟ್ಟು ಹೋಗುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ತೂಗುತ್ತದೆ. ಅಪ್ಪನ ಫೋಟೋ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ನಿಂತಿದೆ; ಫ್ರಿಜ್ಜು ಗುರ್ರೆಂದಾಗಲೆಲ್ಲ ಅವರೂ ಸಣ್ಣಗೆ ನಡುಗುತ್ತಾರೆ.

"ಯಾರನ್ನೂ ಕೇಳ್ದೆ ಒಂದು ಮೊಳೆ ಹೊಡೀಬೇಕು ಕಣೇ, ಅಷ್ಟೇ ನನಗೆ," ಎನ್ನುತ್ತಿದ್ದಳು ಅಮ್ಮ.

ಆ ಮಾತು ಕೇಳಿಕೊಂಡೇ ಬೆಳೆದೆ. ಅದಕ್ಕೊಂದು ತೂಕವಿದೆ ಎಂದು ಮಾತ್ರ ಯಾವತ್ತೂ ಅನ್ನಿಸಲಿಲ್ಲ. ನನ್ನ ತಕ್ಕಡಿಯೇ ಬೇರೆ. ಜಯನಗರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಸಮಯ ಮುಗಿಯಿತೆನ್ನುವ ಎರಡನೇ ಗಂಟೆ ಹೊಡೆಯುವುದರೊಳಗೆ ಎದುರಿನವರ ಬಾಯಿ ಮುಚ್ಚಿಸಿರಬೇಕು. ನಾನು ಹೇಳಿದ್ದನ್ನು ನಾನು ನಂಬುತ್ತೇನೆಯೇ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಆಸ್ತಿ ಕೊಳ್ಳುವ ವಿದ್ಯೆ ಕಲಿಯಲು ಹೊರಟೆ. ಮೊದಲ ಗುರು ಫೋನಿನಲ್ಲಿದ್ದ ಒಂದು ಗೇಮು. ಖಾಲಿ ಊರು, ಕೈಯಲ್ಲಿ ಒಂದಿಷ್ಟು ಹುಸಿ ದುಡ್ಡು. ಮನೆ ಕೊಳ್ಳು, ಸುಣ್ಣಬಣ್ಣ ಮಾಡಿಸು, ಬಾಡಿಗೆಗೆ ಕೊಡು, ಬಂದದ್ದರಲ್ಲಿ ಇನ್ನೊಂದು ಕೊಳ್ಳು. ಕತ್ರಿಗುಪ್ಪೆಯಿಂದ ಬಿಟಿಎಂಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನೇತಾಡುತ್ತಿದ್ದ ನಾನು ಆರು ತಿಂಗಳಲ್ಲಿ ಮೂವತ್ತೊಂದು ಮನೆಗಳ ಒಡತಿಯಾದೆ. ಅಲ್ಲಿನ ಬಾಡಿಗೆದಾರರಿಗೆ ಮುಖವಿರಲಿಲ್ಲ. ಅವರು ಮೊಳೆ ಹೊಡೆಯುವ ಆಸೆಯನ್ನೂ ಹೇಳಿಕೊಳ್ಳುತ್ತಿರಲಿಲ್ಲ.

ಎರಡನೇ ಗುರು ಜೆ.ಪಿ. ನಗರದಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಹೊಸಬರಿಗೆ ಹೂಡಿಕೆ ಕಲಿಸುವ ಎಂಟು ಭಾನುವಾರಗಳ ತರಗತಿ. ಫೀಸನ್ನು ಅಮ್ಮ ತನ್ನ ಟ್ಯೂಷನ್ ದುಡ್ಡಿನಲ್ಲಿ ಕಟ್ಟಿದಳು. "ನನಗಂತೂ ಇವೆಲ್ಲ ಅರ್ಥ ಆಗಲ್ಲ. ನೀನು ಕಲಿ, ಆಮೇಲೆ ನಮ್ಗೊಂದು ನೋಡು," ಎಂದಳು.

ಕಲಿಸುವವರನ್ನು ನಾವು ಮೆಂಟರ್ ಎನ್ನಬೇಕಿತ್ತು. ನಲವತ್ತರ ಆಸುಪಾಸಿನ ಮನುಷ್ಯ, ನಗುಮುಖ, ಎಲ್ಲರನ್ನೂ ಮೇಡಂ, ಸಾರ್ ಎಂದೇ ಕರೆಯುತ್ತಿದ್ದರು. ಮೇಜಿನ ಮೇಲೆ ಒಂದು ಹಲಗೆಯ ಆಟ ಹರಡುತ್ತಿದ್ದರು. ಸರದಿ ಬಂದಾಗ ಒಂದು ಕಾರ್ಡು ಎತ್ತಬೇಕು. ಅದರಲ್ಲಿ ಒಂದು ಜಾಗ, ಅದರ ಬೆಲೆ, ಅದರ ದೋಷ. ಬೇಕಿದ್ದರೆ ಕೊಳ್ಳಬಹುದು. ಬೇಡ ಅಂದರೆ ಕಾರ್ಡು ಮೇಜಿನ ನಡುವೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎಲ್ಲರೂ ಆಸೆಪಟ್ಟು ಕೊಂಡು ಸೋಲುತ್ತಿದ್ದರು. ನಾನು ಬೇಡ, ಬೇಡ ಎನ್ನುತ್ತಲೇ ಗೆಲ್ಲುತ್ತಿದ್ದೆ.

"ನೋಡಿ, ಈ ಮೇಡಂಗೆ ಎಮೋಷನ್ನೇ ಇಲ್ಲ. ಇವ್ರು ಉದ್ಧಾರ ಆಗ್ತಾರೆ," ಎಂದರು ಮೆಂಟರ್. ಚಪ್ಪಾಳೆ ಬಿತ್ತು.

ಐದನೇ ಭಾನುವಾರದ ತರಗತಿ ಮುಗಿದ ವಾರದಲ್ಲೇ ನಮ್ಮ ಓನರ್ ಅಂಕಲ್ ಕೆಳಗಿನ ಮನೆಯಿಂದ ಮೇಲೆ ಬಂದರು. ಹಳೇ ಕಾಲದಿಂದ ಇದೇ ಕಡೆ ಬೇಸಾಯ ಮಾಡಿಕೊಂಡಿದ್ದ ಮನೆತನ. ಹೊಲವೆಲ್ಲ ಬಡಾವಣೆಯಾದ ಮೇಲೆ ಬಾಡಿಗೆಯಲ್ಲಿ ಬದುಕುತ್ತಿದ್ದವರು. ಅವರ ಮಗಳಿಗೆ ಅಮ್ಮ ಗಣಿತ ಹೇಳಿಕೊಟ್ಟಿದ್ದಳು, ಹಾಗಾಗಿ ಅಮ್ಮನನ್ನು ಮಿಸ್ ಎಂದೇ ಕರೆಯುತ್ತಿದ್ದರು.

"ವಸಂತಪುರದಲ್ಲಿ ನಮ್ದೊಂದು ಇಪ್ಪತ್ತಡಿ ಮೂವತ್ತಡಿ ಸೈಟೈತೆ ಮಿಸ್. ತಮ್ಮನ ಭಾಗ ಕೊಟ್ಟು ಮುಗಿಸ್ಬೇಕು, ಅದಕ್ಕೆ ಮಾರ್ತಾ ಇವ್ನಿ. ಅರ್ಧ ಈಗ ಕೊಡಿ, ಮಿಕ್ಕಿದ್ದು ಮೂರು ವರ್ಷದಲ್ಲಿ ಯಾವಾಗಾದ್ರೂ. ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ದಾಟಿದ್ದೇ ನಿಮ್ಮಿಂದ. ನಿಮ್ಮತ್ರ ಬಡ್ಡಿಗಿಡ್ಡಿ ಮಾತಾಡಕಾಯ್ತದಾ?"

ಬೆಲೆಯೂ ಸುತ್ತಲಿನ ದರಕ್ಕಿಂತ ಕಡಿಮೆಯೇ ಇತ್ತು. ಅಮ್ಮ ಮರುದಿನ ಅವರ ಹೆಂಡತಿಯ ಜೊತೆ ಆಟೋದಲ್ಲಿ ಹೋಗಿ ಸೈಟು ನೋಡಿ ಬಂದಳು. ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಹೆಜ್ಜೆಯಲ್ಲಿ ಅಳೆದಿದ್ದಳಂತೆ. ಚಪ್ಪಲಿಯ ಕೆಮ್ಮಣ್ಣು ಕೊಡವದೆ ಒಳಗೆ ಬಂದು ನನಗೆ ವಿವರಿಸಿದಳು. ನಾನು ಲ್ಯಾಪ್‌ಟಾಪ್ ತೆರೆದೆ.

ಭಾನುವಾರ ಬೆಳಿಗ್ಗೆ ಅಂಕಲ್ ಮತ್ತೆ ಬಂದಾಗ ನಮ್ಮ ಹಾಲಿನಲ್ಲಿ ನಾಲ್ಕು ಅಂಶ ಇಟ್ಟೆ. ಒಂದು, ಅದು ಬಿ ಖಾತಾ. ಕಂದಾಯ ಕಟ್ಟಬಹುದು, ಬ್ಯಾಂಕು ಸಾಲ ಕೊಡುವುದು ಕಷ್ಟ. ಎರಡು, ಮುಂದಿನ ದಾರಿ ಹನ್ನೆರಡೇ ಅಡಿ. ಮೂರು, ಕಾವೇರಿ ನೀರಿನ ನಲ್ಲಿಯಿಲ್ಲ. ನಾಲ್ಕು, ಅಲ್ಲಿ ಮನೆ ಕಟ್ಟಿದರೂ ಬರಬಹುದಾದ ಬಾಡಿಗೆ ಬ್ಯಾಂಕಿನ ಠೇವಣಿಯ ಬಡ್ಡಿಗೂ ಸಮವಲ್ಲ.

"ಬಿ ಖಾತಾನೇ ಕಣಮ್ಮ, ನಾನೇನು ಮುಚ್ಚಿಟ್ನಾ? ಸುತ್ತಾ ನಲವತ್ತು ಮನೆ ಎದ್ದವೆ," ಎಂದರು ಅಂಕಲ್.

"ನಲವತ್ತು ಜನ ತಪ್ಪು ಮಾಡಿದ್ರೆ ಅದು ಸರಿಯಾಗಲ್ಲ ಅಂಕಲ್."

ಅವರು ನಕ್ಕರು. ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ಇಷ್ಟು ಚೆನ್ನಾಗಿ ಓದ್ಸಿದೀರಲ್ಲ ಮಿಸ್. ಬಿಡಿ, ಬಲವಂತ ಇಲ್ಲ," ಎಂದು ಎದ್ದರು. ಅಮ್ಮ ನನ್ನನ್ನೂ ಬಾಗಿಲನ್ನೂ ನೋಡಿದಳು. ಗೆದ್ದೆ ಎಂದುಕೊಂಡೆ. ಸುಳ್ಳೇಕೆ, ಖುಷಿಯೂ ಆಯಿತು.

ಅದೇ ಮಧ್ಯಾಹ್ನ ತರಗತಿಗೆ ಪ್ರತಿಯೊಬ್ಬರೂ ಒಂದು ನಿಜವಾದ ವ್ಯವಹಾರವನ್ನು ಉದಾಹರಣೆಯಾಗಿ ತರಬೇಕಿತ್ತು. ಅದಕ್ಕೊಂದು ಅಚ್ಚು ಹಾಕಿದ ನಮೂನೆ: ಜಾಗ ಮ್ಯಾಪಿನಲ್ಲಿ ಎಲ್ಲಿದೆ, ಮಾರುವವರ ಫೋನ್ ನಂಬರು, ಏಕೆ ಮಾರುತ್ತಿದ್ದಾರೆ, ಎಷ್ಟು ತುರ್ತು, ಏನೇನು ದೋಷ. ಯಾಕೆ ಇಷ್ಟೆಲ್ಲ ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಎನ್ನುವವಳು, ದೇವರ ಪ್ರಸಾದಕ್ಕೂ ಪುರಾವೆ ಕೇಳುವವಳು, ಆ ನಮೂನೆಯ ಒಂದು ಸಾಲನ್ನೂ ಖಾಲಿ ಬಿಡದೆ ತುಂಬಿದೆ. ತಮ್ಮನ ಭಾಗದ ಸಂಗತಿಯನ್ನು ದುಂಡಗೆ ಬರೆದೆ. ಎದ್ದು ನಿಂತು ನಾಲ್ಕು ಅಂಶ ಮಂಡಿಸಿ, ಕೊನೆಗೆ "ಬೇಡ" ಎಂದೆ. ಅವತ್ತಿನ ಬಹುಮಾನವಾಗಿ ನನಗೊಂದು ಕಾಫಿ ಮಗ್ ಸಿಕ್ಕಿತು.

ಎರಡು ತಿಂಗಳಾದ ಮೇಲೆ ಓನರ್ ಅಂಕಲ್ ಸ್ವೀಟ್ ಬಾಕ್ಸ್ ಹಿಡಿದು ಮೇಲೆ ಬಂದರು. ಸೈಟು ರಿಜಿಸ್ಟರ್ ಆಗಿತ್ತು.

"ಯಾರು ತಗೊಂಡ್ರು?" ಅಮ್ಮ ಕೇಳಿದಳು.

"ಜೆ.ಪಿ. ನಗರದಲ್ಲಿ ಯಾವುದೋ ಕ್ಲಾಸು ನಡೆಸ್ತಾರಂತೆ ಮಿಸ್. ಸೈಟಿನ ವಿಷ್ಯ ಹೆಂಗೆ ಗೊತ್ತಾಯ್ತೋ ಕಾಣೆ, ಅವ್ರೇ ಫೋನ್ ಮಾಡ್ಕೊಂಡು ಬಂದ್ರು. ಪೂರ್ತಿ ದುಡ್ಡು ಒಂದೇ ಸಲ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಿಮ್ಗೆ ಹೇಳಿದ್ನಲ್ಲ, ಅದಕ್ಕಿಂತ ಕಮ್ಮಿಗೇ ಹೋಯ್ತು," ಎಂದರು.

"ಅಯ್ಯೋ, ಯಾಕೆ?"

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವ್ರೂ ನೀನು ಹೇಳ್ದಂಗೇ ಹೇಳಿದ್ರು ಕಣಮ್ಮ. ಖಾತಾ, ರೋಡು, ನೀರು, ಬಾಡಿಗೆ. ಅದೇ ನಾಕು ಮಾತು, ಅದೇ ವರಸೆ. ಇಬ್ರು ಓದಿದೋರು ಒಂದೇ ಮಾತು ಹೇಳ್ತಾರೆ ಅಂದ್ರೆ ನಿಜಾನೇ ಇರ್ಬೇಕು ಅನ್ಕೊಂಡೆ. ಕೊಟ್ಬಿಟ್ಟೆ."

ಅವರು ಇಳಿದು ಹೋದ ಮೇಲೆ ಟೆರೇಸಿಗೆ ಹೋಗಿ ಮೆಂಟರ್‌ಗೆ ಫೋನ್ ಮಾಡಿದೆ. ಅವರು ತಡವರಿಸಲಿಲ್ಲ.

"ಮೇಡಂ, ನೀವು ಬೇಡ ಅಂದ್ರಿ. ಕಾರ್ಡು ಟೇಬಲ್ ಮೇಲೆ ಬಿತ್ತು, ನಾನು ಎತ್ಕೊಂಡೆ. ಇದ್ರಲ್ಲಿ ಯಾವ ರೂಲ್ ಮುರಿದಿದೆ ಹೇಳಿ?"

"ದೋಷ ಇದೆ ಅಂತ ನೀವೇ ಒಪ್ಪಿದ್ರಲ್ಲ ಸಾರ್?"

"ದೋಷ ಇರೋದ್ರಿಂದ್ಲೇ ಅಲ್ವಾ ಬೆಲೆ ಇಳಿದಿದ್ದು? ಖಾತಾ ಇವತ್ತಲ್ಲ ನಾಳೆ ಸರಿ ಹೋಗತ್ತೆ, ನನಗೆ ಅರ್ಜೆಂಟಿಲ್ಲ. ಎಂಟನೇ ಕ್ಲಾಸಲ್ಲಿ ಹೇಳಿದ್ನಲ್ಲ, ನೀವು ಬರ್ಲಿಲ್ಲ ಅನ್ಸತ್ತೆ."

ಹೌದು, ಎಂಟನೇ ತರಗತಿಗೆ ನಾನು ಹೋಗಿರಲಿಲ್ಲ. ಕಲಿತದ್ದು ಸಾಕೆನಿಸಿತ್ತು. ಫೋನ್ ಇಟ್ಟ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಿಂತು, ಅವತ್ತು ಹಾಲಿನಲ್ಲಿ ಹೇಳಿದ್ದನ್ನೆಲ್ಲ ಬೆರಳು ಮಡಿಸಿ ಮತ್ತೆ ಎಣಿಸಿದೆ.

ನನ್ನ ನಾಲ್ಕು ಅಂಶಗಳಲ್ಲಿ ಈಗಲೂ ಸುಳ್ಳು ಹುಡುಕಲಾರೆ. ಆದರೆ ಬ್ಯಾಂಕಿನ ಸಾಲ ಕೇಳಿದವರು ಯಾರು? ಅಂಕಲ್ ಮೂರು ವರ್ಷದ ಗಡುವು ಕೊಟ್ಟಿದ್ದರು. ಬಾಡಿಗೆ ಎಷ್ಟು ಬರುತ್ತದೆ ಎಂದು ಕೇಳಿದವರು ಯಾರು? ಅಮ್ಮ ಅಲ್ಲಿ ತಾನೇ ವಾಸಿಸಲು ಹೊರಟಿದ್ದಳು. ಹನ್ನೆರಡು ಅಡಿ ದಾರಿಯಲ್ಲಿ ತರಲು ನಮ್ಮಲ್ಲಿ ಕಾರಿಲ್ಲ. ನೀರು ಈ ಮನೆಗೂ ಟ್ಯಾಂಕರಿನಲ್ಲೇ ಬರುತ್ತದೆ. ಲಾಭದ ಪ್ರಶ್ನೆಯನ್ನು ಆ ಹಾಲಿಗೆ ತಂದವಳು ನಾನು, ಉತ್ತರಿಸಿದವಳೂ ನಾನು. ಅಮ್ಮನ ಪ್ರಶ್ನೆಗೆ ಸರದಿಯೇ ಬರಲಿಲ್ಲ.

ಕೆಳಗಿಳಿದು ಬಂದಾಗ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಂಕಲ್ ಹೇಳಿದ ನಾಲ್ಕು ಮಾತನ್ನು ಅವಳೂ ಗುರುತು ಹಿಡಿದಿದ್ದಳು.

"ನಿಮ್ಮ ಕ್ಲಾಸಿನವ್ರೇ ಅಲ್ವಾ?"

"ಹೂಂ. ಸೈಟಿನ ವಿಷ್ಯ ನಾನೇ ಬರ್ಕೊಟ್ಟಿದ್ದೆ."

"ಅವ್ರಿಗೆ ಖಾತಾ ವಿಷ್ಯ ಗೊತ್ತಿತ್ತಾ?"

"ಗೊತ್ತಿತ್ತು."

"ರೋಡು ಸಣ್ಣದು ಅಂತ?"

"ಅದೂ ಗೊತ್ತಿತ್ತು ಅಮ್ಮ."

"ಆದ್ರೂ ತಗೊಂಡ್ರು."

ಇದು ಪ್ರಶ್ನೆಯಾಗಿರಲಿಲ್ಲ. ಎದುರಿನವರು ವಾದಿಸಿದರೆ ನಾನು ವಾದಿಸಬಲ್ಲೆ, ಬೈದರೆ ಎದುರು ಬೈಯಬಲ್ಲೆ. ಅಮ್ಮ ಮೊರದಲ್ಲಿದ್ದ ಸಿಪ್ಪೆಯನ್ನೆಲ್ಲ ಕವರಿಗೆ ತುಂಬಿ ಎದ್ದಳು. ಫ್ರಿಜ್ಜಿನಲ್ಲಿ ಸ್ವೀಟ್ ಬಾಕ್ಸಿಗೆ ಜಾಗ ಮಾಡಿ, ಬಾಗಿಲು ಹಾಕುವ ಮುಂಚೆ, ಮೇಲಿದ್ದ ಅಪ್ಪನ ಫೋಟೋ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡಳು.