ಮಾದೇವಿ ಕೂತರೆ ಜಿಗಿಯುತ್ತಿದ್ದ ಚೈನು

ಆಗಿನ ದಿನಗಳೇ ಚೆಂದ ಇದ್ದವು ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಯಾರಿಗೆ ಚೆಂದ ಇದ್ದವು, ಅದನ್ನು ಮೊದಲು ಹೇಳ್ರಿ ಅನ್ನಬೇಕು ಅನ್ನಿಸುತ್ತದೆ. ಎಂಟನೇತ್ತಾಕ್ಕೆ, ಅಂದರೆ ಎಂಟನೇ ಕ್ಲಾಸಿಗೆ, ಹೋದ ಮಕ್ಕಳಿಗೆ ಸರ್ಕಾರದವರು ಸೈಕಲ್ ಕೊಡುತ್ತಿದ್ದ ಕಾಲ ಅದು. ನನಗೂ ಒಂದು ಬಂತು, ಗೆಳತಿ ಮಾದೇವಿಗೂ ಒಂದು ಬಂತು. ಅವಳದನ್ನು ಅವಳ ಸೋದರಮಾವ, ಹಾಲು ಹಾಕಲು ಬೇಕು ಅಂತ ಹೇಳಿ, ತನ್ನೂರು ಇಟ್ಟಂಗಿಹಾಳಕ್ಕೆ ಹೊಡೆದುಕೊಂಡು ಹೋದ. ನನ್ನದು ನನ್ನ ಹತ್ತಿರವೇ ಉಳಿಯಿತು. ಹಂಗಂತ ನಾನು ತಿಳಕೊಂಡಿದ್ದೆ.

ನಮ್ಮದು ಮಮದಾಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಒಂದು ವಸ್ತಿ. ಹೊಲದ ನಡುವೆ ನಾಲ್ಕಾರು ಮನೆ, ಅಷ್ಟೇ. ಬಸ್ಸು ನಮ್ಮನ್ನು ಕಂಡೂ ಕಾಣದಂತೆ ಹೋಗಿಬಿಡುತ್ತಿತ್ತು. ಹೈಸ್ಕೂಲು ಬಬಲೇಶ್ವರದಲ್ಲಿ. ಮಾದೇವಿಯ ಅಪ್ಪ ಅವಳನ್ನು ಸಾಲಿಗೆ ಕಳಿಸುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದ: "ಗಂಗೀ ಸೈಕಲ್ ಮ್ಯಾಲ ಹೋಗಿ, ಗಂಗೀ ಸೈಕಲ್ ಮ್ಯಾಲ ಬರೂದಾದ್ರ ಕಲಿ. ದಾರ್ಯಾಗ ನಡಕೊಂತ ಹೊಂಟಿದ್ದು ಕಂಡೆ ಅಂದ್ರ, ಅವತ್ತೇ ಸಾಲಿ ಬಂದ್."

ಗಂಗಿ ಅಂದರೆ ನಾನು. ಹಿಂಗಾಗಿ ನಾನು ಪೆಡಲ್ ತುಳಿಯುವುದು, ಅವಳು ಹಿಂದೆ ಕ್ಯಾರಿಯರ್ ಮೇಲೆ ಇಬ್ಬರ ಪಾಟಿಚೀಲ ತೊಡೆಮೇಲಿಟ್ಟುಕೊಂಡು ಕೂರುವುದು. ಚೀಲದೊಳಗಿಂದ ಸಜ್ಜಿರೊಟ್ಟಿ, ಶೇಂಗಾಚಟ್ನಿಯ ವಾಸನೆ ದಾರಿಯುದ್ದಕ್ಕೂ ಬರುತ್ತಿತ್ತು. ಬಾರಿಹಣ್ಣಿನ ದಿನಗಳಲ್ಲಿ ಬೀಜವನ್ನು ಬಾಯಿಂದಲೇ ಹಾರಿಸಿ ಕಿಲೋಮೀಟರ್ ಕಲ್ಲಿಗೆ ಬಡಿಯುವ ಆಟ. ಅವಳದು ಬಡಿಯುತ್ತಿತ್ತು, ನನ್ನದು ನನ್ನ ಲಂಗದ ಮೇಲೇ ಬೀಳುತ್ತಿತ್ತು. ಗಣಿತದಲ್ಲಂತೂ ಅವಳ ಮುಂದೆ ನಾನು ಏನೂ ಅಲ್ಲ. ಹಿಂದೆ ಕೂತು ನನ್ನ ಬೆನ್ನ ಮೇಲೆ ಬೆರಳಿಂದ ಗೀರಿ ಗೀರಿ ಲೆಕ್ಕ ಹೇಳಿಕೊಡುತ್ತಿದ್ದಳು. "ತಿಳೀತೇನಲೇ?" ಅನ್ನುವಳು. "ಇಲ್ಲಬೇ" ಅಂದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಒಂಬತ್ತನೇತ್ತಾ ಮುಗಿದ ಬ್ಯಾಸಿಗೆಯಲ್ಲಿ ಅಣ್ಣ ಬಸೂಗೆ ವಿಜಯಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಜಲನಗರದಲ್ಲಿ ನಮ್ಮ ಕಾಕಾನ ಮನೆಯಲ್ಲಿ ಇರುವುದು, ಅಲ್ಲಿಂದ ಅಪ್ಪನ ಹಳೇ ಸೈಕಲ್ ಮೇಲೆ ಕಾಲೇಜಿಗೆ ಹೋಗುವುದು ಅಂತ ಮಾತಾಯಿತು. ಆ ಸೈಕಲ್ಲೋ, ಮುದಿ ಎಮ್ಮೆ. ಒತ್ತಿ ತುಳಿದರೆ ಚೈನು ಕಟಕ್ ಅಂತ ಜಿಗಿಯುತ್ತಿತ್ತು. ಬಬಲೇಶ್ವರದ ಸೈಕಲ್ ಅಂಗಡಿಯವನು ನೋಡಿ, "ಚೈನ ಒಂದ ಹಾಕಿದ್ರ ಸುಮ್ನ ದಂಡರೀ. ಹಿಂದಿನ ಫ್ರೀವೀಲ್, ಮುಂದಿನ ಹಲ್ಲಿನ ಚಕ್ರ, ಎಲ್ಲಾ ಸವದಾವ. ಮೂರೂ ಕೂಡೇ ಬದಲಿ ಆಗಬೇಕು" ಅಂದನಂತೆ. ಅಪ್ಪ ಏನೂ ಕೊಳ್ಳದೆ ಮನೆಗೆ ಬಂದ.

ಮರುದಿನ ಮುಂಜಾನೆ ಬೇವಿನ ಗಿಡದ ಕೆಳಗೆ ಅಪ್ಪ ಎರಡೂ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿದ್ದ. ಅಂಗಡಿಯಿಂದ ಪಾನಾ, ಸುತ್ತಿಗೆ ಕೈಗಡ ತಂದಿದ್ದ. ನನಗೋ ಹಿಗ್ಗೇ ಹಿಗ್ಗು. ನನ್ನ ಸೈಕಲ್ಲೂ ರಿಪೇರಿ ಆಗಾಕತ್ತೈತಿ ಅಂತ ಓಡಿಹೋಗಿ ಚಹಾ ಮಾಡಿಕೊಂಡು ಬಂದೆ. ನನ್ನ ಚೈನನ್ನು ನಾನೇ ಹಳೇ ತಗಡಿನ ಬುಟ್ಟಿಯಲ್ಲಿ ಚಿಮಣಿ ಎಣ್ಣೆ ಸುರಿದು, ಅರಿವೆಯಿಂದ ತಿಕ್ಕಿ ತಿಕ್ಕಿ ತೊಳೆದೆ. ಕೈಯೆಲ್ಲ ಕರ್ರಗಾದರೂ ಚೈನು ಫಳಫಳ ಹೊಳೆಯಿತು. ಅಪ್ಪ ಅದನ್ನು ಇಸಕೊಂಡು ಅಣ್ಣನ ಸೈಕಲ್ಲಿಗೆ ಏರಿಸಿದ.

"ಯಪ್ಪಾ, ಅದು ನಂದಲ್ಲೇನು?"

"ಅವ ಊರಾಗ ಅಡ್ಡಾಡಾಂವ ಬೇ. ನಡು ರೋಡಿನ್ಯಾಗ ಚೈನ ಜಿಗದ್ರ ಹಿಂದಿನ ಗಾಡಿ ಮೈಮ್ಯಾಲ ಬರ್ತಾವ. ನಿಂದೇನ, ಇಲ್ಲಿಂದ ಇಲ್ಲಿಗೆ. ನಿನ್ನಂಥ ಹಗೂರ ಹುಡುಗಿಗೆ ಇದು ಬೇಕಾದಷ್ಟಾತು."

ನನ್ನ ಮೂರೂ ಸಾಮಾನು ಅಲ್ಲಿ, ಆ ಮುದಿ ಎಮ್ಮೆಯ ಮೂರೂ ಸಾಮಾನು ಇಲ್ಲಿ. ಖರ್ಚಿಲ್ಲದೆ ರಿಪೇರಿ ಆಯಿತು. ನನ್ನನ್ನು ಹತ್ತಿಸಿ ಅಂಗಳದಲ್ಲಿ ಒಂದು ಸುತ್ತು ಹೊಡೆಸಿದ. ಚೈನು ಜಿಗಿಯಲಿಲ್ಲ. "ನೋಡು, ನಡೀತೈತಿಲ್ಲ?" ಅಂದ. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಮಾದೇವಿ ಹಿಂದೆ ಕೂರುತ್ತಾಳೆ ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಸಾಲಿ ಶುರುವಾದ ದಿನವೇ ಕಾಲುವೆಯ ಏರಿನಲ್ಲಿ ಚೈನು ಜಿಗಿಯಿತು. ಪೆಡಲ್ ಒಮ್ಮೆಲೇ ಬರಿದಾಗಿ ತಿರುಗಿ, ನನ್ನ ಮೊಣಕಾಲು ಹ್ಯಾಂಡಲಿಗೆ ಬಡಿದು, ಇಬ್ಬರೂ ಚೀಲದ ಸಮೇತ ಮಣ್ಣಿಗೆ ಬಿದ್ದೆವು. ಸಪಾಟು ದಾರಿಯಲ್ಲಿ ಹೆಂಗೋ ಸಾಗುತ್ತಿತ್ತು. ಏರು ಬಂತೆಂದರೆ, ಎದುರು ಗಾಳಿ ಬಂತೆಂದರೆ, ಕಟಕ್! ಒಬ್ಬಳೇ ಇದ್ದರೆ ಏನೂ ಆಗುತ್ತಿರಲಿಲ್ಲ, ಅವಳು ಕೂತರೆ ಮುಗೀತು. ಅಂಗಡಿಯವನು ಪಾಪ, ಚೈನಿನ ಒಂದು ಕೊಂಡಿ ತೆಗೆದು ಬಿಗಿ ಮಾಡಿ ಕೊಟ್ಟ. ಸ್ವಲ್ಪ ದಿನ ತಡೆಯಿತು, ಮತ್ತೆ ಅದೇ ರಾಗ. ಮಾದೇವಿ ಏರು ಬಂದಲ್ಲೆಲ್ಲ ಇಳಿದು ನಡೆಯತೊಡಗಿದಳು. ಎದುರಿಗೆ ನಮ್ಮ ವಸ್ತಿಯವರು ಯಾರಾದರೂ ಬಂದರೆ ಜಾಲಿಗಿಡದ ಮರೆಗೆ ಓಡಿ ಕೂರುತ್ತಿದ್ದಳು. ನಾನು ಅಲ್ಲೇ ನಿಂತು ಸುಮ್ಮಸುಮ್ಮನೆ ಚೈನು ಹಾಕುವವಳಂತೆ ಮಾಡುತ್ತಿದ್ದೆ.

ಅಪ್ಪನ ಮುಂದೆ ಹೇಳಿದೆ. "ಯಪ್ಪಾ, ಮಾದೇವಿ ಕೂತ್ರ ಜಿಗೀತೈತಿ. ಅಕೀ ಸಾಲಿ ಬಿಡಸ್ತಾರ."

"ಮಂದೀ ಮಕ್ಕಳನ್ನ ಹೊರಾಕ ನಿನಗ ಸೈಕಲ್ ಕೊಟ್ಟಾರೇನು?" ಅಂದು ಅಪ್ಪ ರೊಟ್ಟಿ ಮುರಿಯುತ್ತ ಕೂತ.

ಒಂದು ಸಂತೆಯ ದಿನ ಮಾದೇವಿಯ ಅಪ್ಪ ಯಾರದೋ ಟ್ರ್ಯಾಕ್ಟರಿನಲ್ಲಿ ಹಿಂದಿನಿಂದ ಬಂದ. ಸಪ್ಪಳ ಕೇಳಿ ಓಡುವಷ್ಟರಲ್ಲಿ ನೋಡಿಯೇಬಿಟ್ಟಿದ್ದ. ಬಯ್ಯಲಿಲ್ಲ, ಹೊಡೆಯಲಿಲ್ಲ. ಮರುದಿನ ಕರೆಯಲು ಹೋದಾಗ ಮಾದೇವಿ ಅಂಗಳದಲ್ಲಿ ಸಗಣಿ ಕಲಸುತ್ತಿದ್ದಳು. ತಲೆ ಎತ್ತದೆಯೇ, "ನೀ ನಡಿಯಲೇ, ತಡಾ ಆಗ್ತೈತಿ" ಅಂದಳು. ನಾನು ದಾರಿಯುದ್ದಕ್ಕೂ ಅತ್ತೆ.

ಪಂಚಮಿಗೆ ಉಂಡಿ ಕೊಟ್ಟು ಬರಲು ಅವ್ವನ ಜೊತೆ ಜಲನಗರಕ್ಕೆ ಹೋದೆ. ಅಣ್ಣನ ಸೈಕಲ್ಲು ಬಚ್ಚಲ ಹಿಂದಿನ ಗೋಡೆಗೆ ಒರಗಿತ್ತು. ಗಾಳಿ ಇಳಿದ ಗಾಲಿ, ಮಳೆಗೆ ತೊಯ್ದು ಕೆಂಪಗೆ ಜಂಗು ಹಿಡಿದ ನನ್ನ ಚೈನು.

"ಇದನ್ನ ಹೊಡ್ಯಾಂಗಿಲ್ಲೇನಣ್ಣಾ?"

"ಕಾಲೇಜಿಗೆ ಎಲ್ಲಾರೂ ಗಾಡಿ ಮ್ಯಾಲ ಬರ್ತಾರಲೇ. ಇದ್ರ ಮ್ಯಾಲ ಹೋದ್ರ ನಗತಾರ. ನಾ ಗೆಳ್ಯಾನ ಹಿಂದ ಕೂತು ಹೋಗ್ತೇನಿ." ಉಂಡಿ ಕಡಿಯುತ್ತ ಅಂದ, "ಬೇಕಾದ್ರ ಒಯ್ಯಿ, ಯಾರ ಬ್ಯಾಡ ಅಂದಾರ?"

ಅಷ್ಟರಲ್ಲಿ ಮಾದೇವಿಗೆ ಟಿಕೋಟಾ ಕಡೆಯ ಗಂಡು ಗೊತ್ತಾಗಿತ್ತು. ಒಯ್ದು ಯಾರನ್ನು ಕೂರಿಸಿಕೊಳ್ಳಲಿ? ಆ ವರ್ಷದ ಉಳಿದ ದಿನವೆಲ್ಲ ಒಬ್ಬಳೇ ಹೋದೆ, ಒಬ್ಬಳೇ ಬಂದೆ. ಚೈನು ಒಂದು ದಿನವೂ ಜಿಗಿಯಲಿಲ್ಲ. ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸಾದೆ.

ಈಗ ನನಗೆ ಟಿಕೋಟಾದಲ್ಲಿ ನೌಕರಿ. ವಿಜಯಪುರದಿಂದ ಸ್ಕೂಟಿ ಮೇಲೆ ಹೋಗಿ ಬರುತ್ತೇನೆ. ಮೊನ್ನೆ ದಾರಿಯಲ್ಲಿ, ದ್ರಾಕ್ಷಿ ಒಣಗಿಸಿದ ಮಣೂಕ ಆರಿಸುವ ಶೆಡ್ಡಿನ ಮುಂದೆ ಮಾದೇವಿ ಸಿಕ್ಕಳು. ಕೈಯೆಲ್ಲ ಅಂಟಂಟು, ನನ್ನನ್ನು ಮುಟ್ಟಲು ಹಿಂಜರಿದಳು. ಈಗಲೂ ಕೂಲಿಯ ಲೆಕ್ಕ ಶೆಡ್ಡಿನ ಹೆಂಗಸರೆಲ್ಲ ಅವಳಿಂದಲೇ ಕೇಳಿ ತಿಳಿಯುತ್ತಾರಂತೆ. "ನಮ್ಮ ಸಾಲ್ಯಾಗ ಗಣಿತದ ಮಾಸ್ತರಾಗಬೇಕು ಅಂದಿದ್ದೆ ನೋಡಲೇ, ಹುಚ್ಚಿ ನಾನು" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಕಳೆದುಕೊಂಡದ್ದು ಒಬ್ಬ ಗೆಳತಿಯನ್ನು. ಅವಳು ಕಳೆದುಕೊಂಡದ್ದನ್ನು ಯಾರೂ ಅಳೆದು ನೋಡಿಲ್ಲ.

ಅಪ್ಪನಿಗೆ ಈಗ ವಯಸ್ಸಾಗಿದೆ. ಬಂದವರ ಮುಂದೆಲ್ಲ, "ಹೊಸಾದೊಂದು ಸಾಮಾನ ತರದ ಎರಡೂ ಸೈಕಲ್ ನಡಿಸಿ, ಎರಡೂ ಮಕ್ಕಳನ್ನ ಸಾಲಿ ಕಲಿಸೇನ್ರಿ" ಅಂತ ಹೇಳಿಕೊಳ್ಳುತ್ತಾನೆ. ಹೋದ ಭಾನುವಾರ ನನಗೆ ತಡೆಯಲಾಗಲಿಲ್ಲ.

"ಮಾದೇವಿ ಸಾಲಿ ಬಂದ್ ಆತಲ್ಲ ಯಪ್ಪಾ, ಅದನ್ನೂ ಹೇಳು."

ಅಪ್ಪ ನನ್ನ ಮುಖ ನೋಡಿದ. ಹಣೆ ಗಂಟಿಕ್ಕಿ, ಖರೇನ ನೆನಪು ಮಾಡಿಕೊಳ್ಳಲು ನೋಡಿದ.

"ಯಾವ ಮಾದೇವಿ ಬೇ?" ಅಂದ.