ಚಮಚದ ಗಾಳದ ಓಬಳೇಶ

ಸಮುದ್ರವನ್ನು ಒಮ್ಮೆಯೂ ಕಾಣದ ನಮ್ಮ ಟೈಲರ್ ಓಬಳೇಶನಿಗೆ ಸಮುದ್ರದ ಸಾಲ್ಮನ್ ಮೀನು ಹಿಡಿಯುವ ವಿದ್ಯೆಯೆಲ್ಲ ಮೊಬೈಲಿನಿಂದಲೇ ಕರಗತವಾಗಿದೆ. ಅದನ್ನು ಪ್ರಯೋಗಿಸಲು ಸಿಕ್ಕಿರುವುದು ಮಾತ್ರ ಪುರವರದ ಕೆರೆ, ನನ್ನ ತೆಪ್ಪ ಮತ್ತು ನನ್ನ ರಟ್ಟೆ. ಹೊಳೆಯುವ ಚಮಚದ ಬುಡಕ್ಕೆ ಗಾಳ ಕಟ್ಟಿ, ಆಳಕ್ಕಿಳಿಯಲೆಂದು ಹಳೇ ತಕ್ಕಡಿಯ ಬಟ್ಟು ಜೋಡಿಸಿ, ದಾರವನ್ನು ತೆಪ್ಪದ ಹಿಂದೆ ಇಳಿಬಿಟ್ಟು, "ನಿಧಾನಕ್ಕೆ ನೆಟ್ಟಗೆ ಹೋಗ್ಲಾ, ಚಮಚನ ಮರಿಮೀನು ಅನ್ಕೊಂಡು ದೊಡ್ಡದು ಅಟ್ಟಿಸ್ಕೊಂಡು ಬತ್ತದೆ" ಎನ್ನುತ್ತಾನೆ. ದುಂಡನೆಯ ತೆಪ್ಪ ನೆಟ್ಟಗೆ ಹೋಗಲು ಅದೇನು ಕೊರಟಗೆರೆ ಬಸ್ಸೇ? ಗಿರಗಿರನೆ ತಿರುಗಿ ದಾರವೆಲ್ಲ ನನ್ನ ಕಾಲಿಗೇ ಸುತ್ತಿಕೊಳ್ಳುತ್ತದೆ. ಅವನ ಹೆಂಡತಿ ಅನಸೂಯ ದಡದಲ್ಲಿ ನಿಂತು, "ಉಪ್ಪಿಟ್ಟಿಗೊಂದು ಚಮಚ ಉಳಿಸಿಲ್ಲ ಕಣಣ್ಣ, ನೀನಾದ್ರೂ ಬುದ್ಧಿ ಹೇಳ್ಬಾರ್ದಾ" ಎಂದು ನನ್ನನ್ನೇ ಬೈಯುತ್ತಾಳೆ. ನಮ್ಮ ಕೆರೆಯ ಕಾಟ್ಲಾ ಮೀನು ಚಮಚವನ್ನು ಮೂಸಿಯೂ ನೋಡದು, ರಾಗಿಮುದ್ದೆ ಸಿಕ್ಕಿಸು ಎಂದು ನಾನಂದರೆ ಓಬಳೇಶ, "ಮುದ್ದೆ ಬ್ಯಾಡ" ಎಂದು ಮುಖ ತಿರುವುತ್ತಾನೆ. ರೇಗಿಹೋಗಿ ಮೊನ್ನೆ ಅವನಿಗೆ ತಿಳಿಯದಂತೆ ನಾನೇ ಸಿಕ್ಕಿಸಿದೆ; ಬೀಡಿ ಹಚ್ಚುವಷ್ಟರಲ್ಲಿ ತೊಡೆಗಾತ್ರದ ಕಾಟ್ಲಾ ಬಿತ್ತು. ಕುಣಿಯುತ್ತಾನೆಂದು ಕಾದೆ. ಅವನು ಗಾಳ ಬಿಡಿಸುವಾಗ ಮೀನಿನ ತುಟಿಗೆ ಅಂಟಿದ್ದ ಮುದ್ದೆಯನ್ನು ಕಂಡು, ಮೀನನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟ. "ಅಟ್ಟಿಸ್ಕೊಂಡು ಬಂದದ್ದನ್ನ ಹಿಡೀಬೋದು ಕಣ್ಲಾ. ಇದು ಉಣ್ಣಾಕೆ ಬಂದಿತ್ತು. ಮುದ್ದೆ ಇಕ್ಕಿ ಕತ್ತು ಹಿಡಿಯಾದೇನ್ಲಾ" ಎಂದ. ಹಾಳಾದವನು, ಅವತ್ತಿನಿಂದ ಗಾಳಕ್ಕೆ ಮುದ್ದೆ ಸಿಕ್ಕಿಸಲು ನನಗೂ ಕೈಯೇಳುತ್ತಿಲ್ಲ.